ಕುದುರೆಯ ಕಣ್ಣಿಗೆ ನೀಲಿ ಕುದುರೆ

ಫ್ರಾಂಜ್ ಮಾರ್ಕ್ ಅನ್ನೋ ಹೆಸರು ನೀವು ಕೇಳಿಲ್ಲದೇ ಇರಬಹುದು. ಆದರೆ ಅವನ ನೀಲಿ ಕುದುರೆ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಕೆಫೆಯ ಗೋಡೆ, ಪಕ್ಕದ ಸೀಟಿನವರ ಲ್ಯಾಪ್‌ಟಾಪ್ ವಾಲ್‌ಪೇಪರ್, ಟೋಟ್ ಬ್ಯಾಗು, ಕಾಫಿ ಮಗ್ಗು. ನೂರು ವರ್ಷ ದಾಟಿದರೂ ಈ ಕುದುರೆಗೆ ಬಿಡುವೇ ಇಲ್ಲ. ತಲೆ ಸ್ವಲ್ಪ ಬಾಗಿಸಿ, ಏನನ್ನೋ ಯೋಚಿಸುತ್ತಿರುವ ಹುಡುಗನ ಹಾಗೆ ನಿಂತಿರುವ ಕುದುರೆಮರಿ. ಮೈಯೆಲ್ಲ ನೀಲಿ. ಹಿಂದೆ ಬಣ್ಣಬಣ್ಣದ ಗುಡ್ಡಗಳು. 1911ರ ಚಿತ್ರ, ಅಸಲಿ ಇರುವುದು ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಮ್ಯೂಸಿಯಂನಲ್ಲಿ.

ಇದನ್ನು ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: ಕುದುರೆ ಯಾಕೆ ನೀಲಿ? ಕೇಳಬೇಕಾದ ಪ್ರಶ್ನೆಯೇ. ಆದರೆ ಮಾರ್ಕ್ ತನಗೆ ತಾನೇ ಕೇಳಿಕೊಂಡ ಪ್ರಶ್ನೆ ಬೇರೆ, ಅದು ಇನ್ನೂ ಕಷ್ಟದ್ದು. ಕುದುರೆಗೆ ಈ ಲೋಕ ಹೇಗೆ ಕಾಣುತ್ತದೆ? ಹದ್ದಿಗೆ? ಜಿಂಕೆಗೆ? ನಾಯಿಗೆ? ನಮ್ಮ ಕಣ್ಣಿಗೆ ಕಂಡ ಬಯಲೊಳಗೆ ಒಂದು ಪ್ರಾಣಿಯನ್ನು ತಂದು ನಿಲ್ಲಿಸಿ ಅದನ್ನು ಪ್ರಾಣಿಚಿತ್ರ ಅಂತ ಕರೆಯುವ ರೂಢಿ ಅವನಿಗೆ ತೀರಾ ಬಡವಾಗಿ ಕಂಡಿತ್ತು. ಆಸಾಮಿ ಹಗುರಾದವನಲ್ಲ. ಮ್ಯೂನಿಕ್‌ನಲ್ಲಿ ಪ್ರಾಣಿಗಳ ಅಂಗರಚನೆಯ ಪಾಠ ಹೇಳಿಕೊಟ್ಟಿದ್ದ. ಆಮೇಲೆ ಊರು ಬಿಟ್ಟು ಸಿಂಡೆಲ್ಸ್‌ಡಾರ್ಫ್ ಅನ್ನೋ ಹಳ್ಳಿ ಸೇರಿ, ಹುಲ್ಲುಗಾವಲಲ್ಲಿ ಕುದುರೆ, ದನ, ಜಿಂಕೆಗಳನ್ನು ನೋಡುತ್ತಾ ಕೂತ. ಎಲುಬು ಗೊತ್ತಿತ್ತು, ಸ್ನಾಯು ಗೊತ್ತಿತ್ತು. ಅವನಿಗೆ ಬೇಕಾಗಿದ್ದು ಚರ್ಮದ ಒಳಗಿನ ನೋಟ.

ನನ್ನ ತಕರಾರು ಇಷ್ಟೇ. ಪ್ರಶ್ನೆ ಅಪರೂಪದ್ದು, ಆದರೆ ಮಗ್ಗಿನ ಮೇಲೆ ಬಂದಿರುವ ಚಿತ್ರಗಳು ಅದಕ್ಕೆ ಉತ್ತರ ಅಲ್ಲ. ಉತ್ತರಕ್ಕೆ ಹತ್ತಿರ ಬಂದ ಚಿತ್ರಗಳು ಬೇರೆ ಇವೆ. ಅವು ಅಷ್ಟಾಗಿ ಮಗ್ಗಿನ ಮೇಲೆ ಬರೋದಿಲ್ಲ.

ಮೊದಲು ನೀಲಿಯ ವಿಷಯ ನೋಡೋಣ. 1910ರ ಡಿಸೆಂಬರಿನಲ್ಲಿ ಮಾರ್ಕ್ ತನ್ನ ಗೆಳೆಯ, ಚಿತ್ರಕಾರ ಔಗುಸ್ಟ್ ಮಾಕೆಗೆ ಒಂದು ಕಾಗದ ಬರೆದ. ಅದರಲ್ಲಿ ಬಣ್ಣಗಳಿಗೆ ಒಂದು ಜಾತಕವನ್ನೇ ಹಾಕಿಬಿಟ್ಟಿದ್ದಾನೆ. ನೀಲಿ ಗಂಡು, ಗಂಭೀರ, ಅಧ್ಯಾತ್ಮದ ಬಣ್ಣ. ಹಳದಿ ಹೆಣ್ಣು, ಮೃದು, ಖುಷಿಯದ್ದು. ಕೆಂಪು ಅಂದರೆ ಜಡವಸ್ತು, ಒರಟು, ಭಾರ. ಉಳಿದೆರಡು ಬಣ್ಣಗಳು ಸೇರಿ ಯಾವಾಗಲೂ ಕೆಂಪಿನ ಜೊತೆ ಹೋರಾಡಬೇಕು, ಅದನ್ನು ಗೆಲ್ಲಬೇಕು. ಈ ಕೀಲಿಕೈ ಹಿಡಿದು 1911ರ ಚಿತ್ರಗಳನ್ನು ತೆರೆದರೆ ಎಲ್ಲಾ ಬಾಗಿಲೂ ತೆರೆಯುತ್ತವೆ. ‘ದೊಡ್ಡ ನೀಲಿ ಕುದುರೆಗಳು’ ಚಿತ್ರದಲ್ಲಿ ಮೂರು ನೀಲಿ ಮೈಗಳ ಹಿಂದೆ ಕೆಂಪು ಗುಡ್ಡ: ಅಧ್ಯಾತ್ಮ ಮುಂದೆ, ಜಡ ಹಿಂದೆ. ನ್ಯೂಯಾರ್ಕಿನ ಗುಗೆನ್‌ಹೈಮ್‌ನಲ್ಲಿರುವ ‘ಹಳದಿ ಹಸು’ ಕಾಲು ಝಾಡಿಸಿ ಹಾರುತ್ತಿದೆ: ಸಂತೋಷ, ಹೆಣ್ಣು. ಅದರ ಮೈಮೇಲೆ ನೀಲಿ ಮಚ್ಚೆ ಇರುವುದರಿಂದ ಇದು ಮಾರ್ಕ್‌ನ ಮದುವೆಯ ಚಿತ್ರ ಅಂತ ಓದುವವರೂ ಇದ್ದಾರೆ.

ಚೆನ್ನಾಗಿದೆ. ಆದರೆ ಇದರಲ್ಲಿ ಹಸು ಎಲ್ಲಿದೆ? ಗಂಡು, ಹೆಣ್ಣು, ಆತ್ಮ, ಜಡ – ಇದೆಲ್ಲ ಇಪ್ಪತ್ತನೇ ಶತಮಾನದ ಆರಂಭದ ಒಬ್ಬ ಜರ್ಮನ್ ಗಂಡಸಿನ ತಲೆಯೊಳಗಿನ ಸಾಮಾನು. ಅದನ್ನು ಕುದುರೆಯ ಮೇಲೆ ಹೇರಿದ್ದಾನೆ. ಕುದುರೆ ಇಲ್ಲೂ ಹೊರೆ ಹೊರುವ ಪ್ರಾಣಿಯೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ ಇವನ ತತ್ವಕ್ಕೆ ಕಂಡ ಕುದುರೆಯೆಲ್ಲ ನೀಲಿ.

ಹಾಗಾದರೆ ನಿಜವಾದ ಕುದುರೆಗೆ ಏನು ಕಾಣುತ್ತದೆ? ಇದು ಮಾರ್ಕ್‌ಗೆ ಗೊತ್ತಿರಲಿಲ್ಲ, ನಮಗೆ ಸ್ವಲ್ಪ ಗೊತ್ತಿದೆ. ಬಣ್ಣ ಗುರುತಿಸುವುದಕ್ಕೆ ನಮ್ಮ ಕಣ್ಣೊಳಗೆ ಮೂರು ಬಗೆಯ ಶಂಕುಕೋಶಗಳಿವೆ. ಕುದುರೆಗೆ ಎರಡೇ. ಒಂದು ಸುಮಾರು 428 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ, ಅಂದರೆ ನೀಲಿಯ ಕಡೆಗೆ, ಹೆಚ್ಚು ಸ್ಪಂದಿಸುತ್ತದೆ. ಇನ್ನೊಂದು ಸುಮಾರು 539ಕ್ಕೆ, ಅಂದರೆ ನಾವು ಹಸಿರು ಅನ್ನುವ ಜಾಗಕ್ಕೆ. ಎರಡೇ ಇರುವುದರಿಂದ ಕೆಂಪು, ಕಿತ್ತಳೆ, ಹಸಿರುಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಅದಕ್ಕೆ ಕಷ್ಟ. ಸ್ಥೂಲವಾಗಿ ಹೇಳುವುದಾದರೆ ಅದರ ಲೋಕ ನೀಲಿ ಮತ್ತು ಹಳದಿಯ ಲೋಕ. ದನಕ್ಕೂ ಎರಡೇ ಬಗೆ. ಕೆಂಪು ಬಟ್ಟೆ ಕಂಡ ಗೂಳಿ ಕೆರಳುವುದು ಬಟ್ಟೆಯ ಆಟಕ್ಕೇ ಹೊರತು ಬಣ್ಣಕ್ಕಲ್ಲ.

ಈಗ ಮಾರ್ಕ್‌ನ ಜಾತಕ ಮತ್ತೊಮ್ಮೆ ನೋಡಿ. ಅವನು ಎತ್ತಿ ಹಿಡಿದ ನೀಲಿ ಮತ್ತು ಹಳದಿ ಕುದುರೆಗೆ ಚೆನ್ನಾಗಿ ಕಾಣುವ ಬಣ್ಣಗಳು. ಅವನು ಸೋಲಿಸಬೇಕು ಅಂದುಕೊಂಡ ಕೆಂಪು, ಕುದುರೆಯ ಪಾಲಿಗೆ ಪ್ರತ್ಯೇಕವಾಗಿ ಇಲ್ಲವೇ ಇಲ್ಲ. ‘ದೊಡ್ಡ ನೀಲಿ ಕುದುರೆಗಳು’ ಚಿತ್ರವನ್ನು ಕುದುರೆಯ ಮುಂದೆ ಇಟ್ಟರೆ ನೀಲಿ ಮೈಗಳು ಎದ್ದು ಕಾಣಬಹುದು. ಆದರೆ ಕೆಂಪು ಗುಡ್ಡ ಹುಲ್ಲಿನ ಜೊತೆ ಬೆರೆತು ಮಂಕಾಗುತ್ತದೆ. ಮಾರ್ಕ್ ಅಷ್ಟು ಆವೇಶದಿಂದ ಕಟ್ಟಿದ ಯುದ್ಧ ಕುದುರೆಯ ಕಣ್ಣಲ್ಲಿ ನಡೆಯೋದೇ ಇಲ್ಲ!

ಇದನ್ನು ಬರೀ ತಮಾಷೆ ಅಂದುಕೊಳ್ಳಬೇಡಿ. ಬ್ರಿಟನ್ನಿನ ರೇಸುಗಳಲ್ಲಿ ಕುದುರೆ ಹಾರಿ ದಾಟುವ ಬೇಲಿಗಳಿಗೆ ದಶಕಗಳ ಕಾಲ ಕಿತ್ತಳೆ ಬಣ್ಣದ ಗುರುತು ಹಾಕುತ್ತಿದ್ದರು. ಕಿತ್ತಳೆ ಎದ್ದು ಕಾಣುತ್ತದಲ್ಲ! ಯಾರಿಗೆ? ಜಾಕಿಗೆ. ಹಾರಬೇಕಾದ್ದು ಕುದುರೆ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಕುದುರೆಯ ಕಣ್ಣಿನ ಲೆಕ್ಕದಲ್ಲಿ ಪರೀಕ್ಷಿಸಿ, ಬಿಳಿ, ಹಳದಿ, ಗಾಢ ನೀಲಿಯಂಥ ಬಣ್ಣಗಳು ಕುದುರೆಗೆ ಎಷ್ಟೋ ಸ್ಪಷ್ಟ ಅಂತ ತೋರಿಸಿದ ಮೇಲೆ ಕಿತ್ತಳೆ ಹೋಗಿ ಬಿಳಿ ಬಂತು. ಇದು ಯಾರ ಕಣ್ಣಿಗೆ ಅನ್ನೋ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ಕಾಲು ಮುರಿಯೋದು ಕುದುರೆಯದ್ದು.

ಹಾಗಂತ ವಿಜ್ಞಾನ ಬಂತು, ಮಾರ್ಕ್ ಸೋತ, ಕಥೆ ಮುಗಿಯಿತು ಅಂತಲೂ ಅಲ್ಲ. ನಾನು ಕೆಲಸ ಮಾಡುವ ಕಡೆ ಒಬ್ಬ ಸಹೋದ್ಯೋಗಿಗೆ ಕೆಂಪು-ಹಸಿರು ವ್ಯತ್ಯಾಸ ಅಷ್ಟಾಗಿ ತಿಳಿಯೋದಿಲ್ಲ. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಸರಿ ಇದ್ದರೆ ಹಸಿರು ಚುಕ್ಕೆ, ಕೆಟ್ಟರೆ ಕೆಂಪು ಚುಕ್ಕೆ. ಅವನಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಇದು ಗೊತ್ತಾದ ದಿನ ಡಿಸೈನ್ ಟೀಮಿನವರು ವರ್ಣಾಂಧತೆಯ ಫಿಲ್ಟರ್ ಹಾಕಿ ಪರದೆಯನ್ನು ಎಲ್ಲರಿಗೂ ತೋರಿಸಿದರು. ಕಂದು, ಮಾಸಲು ಹಳದಿ, ಬೂದು. ಎಲ್ಲರೂ ‘ಅಯ್ಯೋ ಪಾಪ’ ಅಂದರು. ಅವನು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, ‘ನಂಗೆ ಹಿಂಗೆ ಮಂಕಾಗಿ ಏನೂ ಕಾಣಲ್ಲಪ್ಪ, ನಿಮಗೆ ಮಂಕಾಗಿ ಕಾಣ್ತಿದೆ ಅಷ್ಟೇ’ ಅಂದ. ಚುಕ್ಕೆಯ ಜೊತೆ ಒಂದು ಗುರುತು ಹಾಕಿ ಅಂತ ಕೇಳಿ ಹೋದ. ಕೆಲಸ ಎರಡು ನಿಮಿಷದಲ್ಲಿ ಮುಗೀತು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ನಾಯಿಗೆ ಲೋಕ ಹೇಗೆ ಕಾಣುತ್ತೆ ಅಂತ ತೋರಿಸುವ ಆ್ಯಪ್‌ಗಳು, ರೀಲ್‌ಗಳು ಮಾಡುವುದೂ ಇದನ್ನೇ. ನಮ್ಮ ಚಿತ್ರದಿಂದ ಬಣ್ಣ ಕಳೆದು ‘ಇಗೋ ನಾಯಿಯ ನೋಟ’ ಅನ್ನುತ್ತವೆ. ಅಲ್ಲಿ ಕಾಣುವುದು ನಮ್ಮ ನೋಟದಲ್ಲಿ ಒಂದು ತೂತು. ನಾಯಿಗೆ ಅಲ್ಲಿ ತೂತಿಲ್ಲ, ಅದಕ್ಕೆ ಅದೇ ಇಡೀ ಲೋಕ. ಅಷ್ಟಕ್ಕೂ ನಮ್ಮ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರೇ ಬೆಳಕು ಇರುವುದು ಲೋಕದಲ್ಲಿ ಮೂರೇ ಬಣ್ಣ ಇವೆ ಅಂತಲ್ಲ. ನಮ್ಮ ಕಣ್ಣಲ್ಲಿ ಮೂರು ಬಗೆಯ ಶಂಕುಕೋಶ ಇವೆ ಅಂತ. ಅನೇಕ ಹಕ್ಕಿಗಳಿಗೆ ನಾಲ್ಕು ಬಗೆ ಇವೆ, ನಮಗೆ ಕಾಣದ ನೇರಳಾತೀತವೂ ಅವಕ್ಕೆ ಕಾಣುತ್ತದೆ. ಹಕ್ಕಿಯೊಂದು ನಮ್ಮ ಫೋನ್ ನೋಡಿದರೆ ಅದಕ್ಕೂ ‘ಅಯ್ಯೋ ಪಾಪ’ ಅನ್ನಿಸಬಹುದು.

ಮಾರ್ಕ್ ಚಿತ್ರ ಬಿಡಿಸುತ್ತಿದ್ದ ಅದೇ ವರ್ಷಗಳಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ತರುಣ ಪ್ರಾಣಿಶಾಸ್ತ್ರಜ್ಞ ಬೇರೆ ದಾರಿಯಿಂದ ಇದೇ ಪ್ರಶ್ನೆಯ ಹತ್ತಿರ ಬರುತ್ತಿದ್ದ. ಕಾರ್ಲ್ ಫಾನ್ ಫ್ರಿಶ್. ಜೇನುನೊಣಗಳಿಗೆ, ಮೀನುಗಳಿಗೆ ಬಣ್ಣವೇ ಕಾಣೋದಿಲ್ಲ ಅಂತ ಕಾರ್ಲ್ ಫಾನ್ ಹೆಸ್ ಎಂಬ ದೊಡ್ಡ ನೇತ್ರತಜ್ಞ ಹೇಳಿಬಿಟ್ಟಿದ್ದ ಕಾಲ ಅದು. ಫ್ರಿಶ್‌ಗೆ ಅನುಮಾನ. ಬಣ್ಣ ಕಾಣದ ನೊಣಗಳಿಗಾಗಿ ಹೂವು ಯಾಕೆ ಬಣ್ಣ ಹಚ್ಚಿಕೊಂಡು ನಿಲ್ಲಬೇಕು? ಬೂದು ಬಣ್ಣದ ಬಗೆಬಗೆಯ ಛಾಯೆಯ ಚೌಕಗಳ ನಡುವೆ ಒಂದು ನೀಲಿ ಚೌಕ ಇಟ್ಟ. ಅದರ ಮೇಲೆ ಸಕ್ಕರೆ ನೀರು. ನೊಣಗಳು ಕಲಿತ ಮೇಲೆ ಚೌಕಗಳ ಜಾಗ ಬದಲಿಸಿ, ಬಟ್ಟಲು ಖಾಲಿ ಇಟ್ಟ. ನೊಣಗಳು ಬಂದು ಸೇರಿದ್ದು ನೀಲಿಯ ಮೇಲೆಯೇ. ಬಣ್ಣ ಕಾಣದಿದ್ದರೆ ಯಾವುದಾದರೂ ಒಂದು ಬೂದಿನ ಜೊತೆ ನೀಲಿ ಬೆರೆತುಹೋಗಬೇಕಿತ್ತು, ಬೆರೆಯಲಿಲ್ಲ. ಕೆಂಪು ಚೌಕ ಇಟ್ಟಾಗ ಮಾತ್ರ ಅದನ್ನು ಗಾಢ ಬೂದು, ಕಪ್ಪಿನ ಜೊತೆ ಗೊಂದಲ ಮಾಡಿಕೊಂಡವು. 1914ರಲ್ಲಿ ಇದನ್ನು ಪ್ರಕಟಿಸಿದ. 1973ರಲ್ಲಿ ನೊಬೆಲ್ ಬಂತು, ಮುಖ್ಯವಾಗಿ ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ.

ಒಂದೇ ನಗರ, ಎರಡು ನೀಲಿಗಳು. ನನಗೆ ಇಲ್ಲಿ ಮುಖ್ಯ ಅನ್ನಿಸೋದು ಫ್ರಿಶ್‌ನ ವಿನಯ. ನೊಣಕ್ಕೆ ನೀಲಿ ಅಂದರೆ ಏನು ಅಂತ ಅವನು ಹೇಳಲಿಲ್ಲ. ಉತ್ತರ ಕೊಡೋದಕ್ಕೆ ನೊಣಕ್ಕೆ ಒಂದು ದಾರಿ ಮಾಡಿಕೊಟ್ಟು ಸುಮ್ಮನೆ ಪಕ್ಕಕ್ಕೆ ನಿಂತ. ಮಾರ್ಕ್‌ನ ಪ್ರಸಿದ್ಧ ಚಿತ್ರಗಳಲ್ಲಿ ಇಲ್ಲದ್ದು ಇದೇ, ಪಕ್ಕಕ್ಕೆ ನಿಲ್ಲೋದು.

ಆದರೆ ಅವನೂ ಪಕ್ಕಕ್ಕೆ ನಿಂತ ಚಿತ್ರಗಳಿವೆ. ಒಂದು, ಫ್ರಾಂಕ್‌ಫರ್ಟಿನ ಸ್ಟೇಡೆಲ್ ಮ್ಯೂಸಿಯಂನಲ್ಲಿರುವ ‘ಹಿಮದಲ್ಲಿ ಮಲಗಿದ ನಾಯಿ’. ಅದು ಮಾರ್ಕ್‌ನದೇ ನಾಯಿ, ಹೆಸರು ರುಸ್ಸಿ. ಬಿಳಿ ಹಿಮ, ನೀಲಿ ನೆರಳು, ಮಾಸಲು ಹಳದಿ ನಾಯಿ ಕಣ್ಣು ಮುಚ್ಚಿ ಮಲಗಿದೆ. ಬಣ್ಣ ಶುದ್ಧವಾಗಿದೆಯಾ ಅಂತ ಮಾರ್ಕ್ ತನ್ನ ಚಿತ್ರವನ್ನೇ ಪ್ರಿಸಂ ಹಿಡಿದು ಪರೀಕ್ಷಿಸಿದ್ದ. ನಾಯಿಗಳ ಕಣ್ಣಲ್ಲೂ ಶಂಕುಕೋಶ ಎರಡೇ ಬಗೆ, ಅವು ಗುರುತಿಸುವುದು ನೀಲಿ-ಹಳದಿ ಅಂತ ಪ್ರಯೋಗದಿಂದ ಖಚಿತವಾಗಿದ್ದು 1989ರಲ್ಲಿ. ಮಾರ್ಕ್ ಸತ್ತು ಏಳು ದಶಕ ಕಳೆದ ಮೇಲೆ. ಆದರೂ ರುಸ್ಸಿ ಎದ್ದು ಬಂದು ಈ ಚಿತ್ರ ನೋಡಿದ್ದರೆ ಅದಕ್ಕೆ ಬಣ್ಣದಲ್ಲಿ ಹೆಚ್ಚೇನೂ ನಷ್ಟವಾಗುತ್ತಿರಲಿಲ್ಲ. ಇದು ಆಕಸ್ಮಿಕ, ನಾನು ಇದನ್ನು ಪವಾಡ ಅನ್ನಲ್ಲ. ಆದರೆ ಇಲ್ಲಿ ನಾಯಿಗೆ ಯಾವ ತತ್ವವನ್ನೂ ಹೊರಿಸಿಲ್ಲ. ತನ್ನ ಕಣ್ಣೆದುರು ಹಿಮದಲ್ಲಿ ಬೆಳಕು ಏನು ಮಾಡುತ್ತಿದೆ ಅಂತ ಗಮನ ಇಟ್ಟು ನೋಡಿದ್ದಾನೆ, ನಾಯಿಯನ್ನು ಅದರ ಪಾಡಿಗೆ ಮಲಗೋಕೆ ಬಿಟ್ಟಿದ್ದಾನೆ.

ಇನ್ನೊಂದು, ಎಸ್ಸೆನ್ ನಗರದ ಫೋಕ್‌ವಾಂಗ್ ಮ್ಯೂಸಿಯಂನಲ್ಲಿರುವ 1910ರ ‘ಬಯಲಲ್ಲಿ ಕುದುರೆ’. ನನ್ನ ಮಟ್ಟಿಗೆ ಮಾರ್ಕ್‌ನ ಅತ್ಯುತ್ತಮ ಚಿತ್ರ ಇದೇ. ಕುದುರೆ ನಮಗೆ ಬೆನ್ನು ಹಾಕಿ ನಿಂತಿದೆ, ನೀಲಿ ಅಯಾಲು. ಮುಂದೆ ಹಳದಿ, ಹಸಿರಿನ ಬಯಲು ಹರಡಿದೆ. ಅದು ಆ ಕಡೆ ನೋಡುತ್ತಿದೆ. ಜರ್ಮನ್ ಕಲೆಯಲ್ಲಿ ಬೆನ್ನು ತೋರಿಸಿ ನಿಲ್ಲುವ ಆಕೃತಿ ಹೊಸದಲ್ಲ. ಮಂಜಿನ ಸಮುದ್ರ ನೋಡುತ್ತಾ ಬಂಡೆಯ ಮೇಲೆ ನಿಂತ ಕಾಸ್ಪರ್ ಡೇವಿಡ್ ಫ್ರೀಡ್ರಿಶ್‌ನ ಯಾತ್ರಿಕ ನೆನಪಿರಬಹುದು. ಮಾರ್ಕ್ ಆ ಮನುಷ್ಯನನ್ನು ತೆಗೆದು ಆ ಜಾಗದಲ್ಲಿ ಕುದುರೆಯನ್ನು ನಿಲ್ಲಿಸಿದ್ದಾನೆ. ಇಷ್ಟೇ ಬದಲಾವಣೆ, ಆದರೆ ಎಷ್ಟು ದೊಡ್ಡದು! ನೋಡುವ ಹಕ್ಕು ಕುದುರೆಗೆ ಹೋಯಿತು. ನಾವು ಹಿಂದೆ ನಿಂತವರಾದೆವು.

ಕುದುರೆ ಸಾಕಿದವರನ್ನು ಕೇಳಿ, ನೇರ ಹಿಂದೆ ಹೋಗಿ ನಿಲ್ಲಬೇಡಿ ಅಂತಾರೆ. ಕುದುರೆಯ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದೇ ಉಳಿಯುವ ಜಾಗಗಳಲ್ಲಿ ಒಂದು ಅದರ ಬಾಲದ ಹಿಂದೆ. ಮಾರ್ಕ್ ನಮ್ಮನ್ನು ಹೆಚ್ಚುಕಡಿಮೆ ಅಲ್ಲೇ ತಂದು ನಿಲ್ಲಿಸಿದ್ದಾನೆ. ಕುದುರೆ ನೋಡುತ್ತಿದೆ ಅನ್ನೋದು ನಮಗೆ ಕಾಣುತ್ತದೆ, ಅದಕ್ಕೆ ಏನು ಕಾಣುತ್ತಿದೆ ಅನ್ನೋದು ಕಾಣಲ್ಲ. ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಇದೆಯಾ?

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ನೀವು ಕೇಳಬಹುದು. ಬೇರೆಯವರ ಕಣ್ಣನ್ನು ಅರಿಯುವುದು ಯಾವಾಗಲೂ ಪ್ರೀತಿಗೇ ಅಲ್ಲ ಅನ್ನೋದಕ್ಕೋಸ್ಕರ ಬೇಕು. ನಮ್ಮ ಬಂಡೀಪುರದ ಹುಲಿಯನ್ನೇ ತಗೊಳ್ಳಿ. ಸಫಾರಿ ಫೋಟೋಗೆ ಸ್ಯಾಚುರೇಷನ್ ಏರಿಸಿ ನಾವು ಹಾಕುವ ಆ ಬೆಂಕಿಯಂಥ ಕಿತ್ತಳೆ ಜಿಂಕೆಗೆ ಇಲ್ಲ. ಜಿಂಕೆಯೂ ಎರಡೇ ಶಂಕುಕೋಶದ್ದು, ಅದರ ಕಣ್ಣಿಗೆ ಆ ಮೈಬಣ್ಣ ಪೊದೆಯ ಹಸಿರಿನೊಳಗೆ ಕರಗುತ್ತದೆ. ಜಿಂಕೆಯ ಕಣ್ಣಿನ ಮಿತಿಗೆ ತಕ್ಕ ಅಂಗಿಯನ್ನೇ ಹುಲಿ ತೊಟ್ಟಿದೆ. ಮರದ ಮೇಲಿನ ಮುಸುವಕ್ಕೆ ನಮ್ಮಂತೆ ಮೂರು ಬಗೆ, ಜೊತೆಗೆ ಎತ್ತರ ಬೇರೆ. ಅದು ಕೂಗಿದರೆ ಕೆಳಗೆ ಮೇಯುವ ಜಿಂಕೆ ತಲೆ ಎತ್ತುತ್ತದೆ. ತನಗೆ ಕಾಣದ್ದನ್ನು ಇನ್ನೊಬ್ಬರ ಕಣ್ಣಿನಿಂದ ತಿಳಿದು ಬದುಕುತ್ತದೆ.

ಮಾರ್ಕ್‌ನ ಬದುಕಿನ ಕೊನೆಯೂ ಇಲ್ಲಿಗೇ ಬಂತು. 1914ರಲ್ಲಿ ಯುದ್ಧ ಶುರುವಾದಾಗ ಅವನು ಸೇನೆಗೆ ಸೇರಿದ. 1916ರ ಫೆಬ್ರುವರಿಯಲ್ಲಿ ಅವನಿಗೆ ಸಿಕ್ಕ ಕೆಲಸ, ಫಿರಂಗಿಗಳನ್ನು ಶತ್ರು ವಿಮಾನಗಳಿಂದ ಮರೆಮಾಡಲು ಟಾರ್ಪಾಲಿನ್‌ಗಳಿಗೆ ಬಣ್ಣ ಬಳಿಯೋದು. ಮಾನೆಯಿಂದ ಕಾಂಡಿನ್‌ಸ್ಕಿವರೆಗೆ ಬೇರೆ ಬೇರೆ ಶೈಲಿಯಲ್ಲಿ ಬಳಿದೆ, ಎರಡು ಸಾವಿರ ಮೀಟರ್ ಮೇಲಿನಿಂದ ಇದು ಹೇಗೆ ಕಾಣುತ್ತೋ ನೋಡಬೇಕು ಅಂತ ಹೆಂಡತಿಗೆ ಬರೆದ. ಓದುವಾಗ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಹದ್ದಿಗೆ ಲೋಕ ಹೇಗೆ ಕಾಣುತ್ತೆ ಅಂತ ಕೇಳಿದ್ದ ಮನುಷ್ಯ ಅವನು. ಈಗ ಆಕಾಶದಿಂದ ನೋಡುವ ಒಂದು ಕಣ್ಣು ಸಿಕ್ಕಿತ್ತು, ಆದರೆ ಅದಕ್ಕಾಗಿ ಬಳಿಯುವ ಬಣ್ಣದ ಗುರಿ ಕಾಣದಂತೆ ಮಾಡುವುದು. ಪ್ರಶ್ನೆ ಅದೇ, ಉದ್ದೇಶ ಮಾತ್ರ ಹುಲಿಯದ್ದು. ಮಾರ್ಚ್ 4ರಂದು ವೆರ್ಡನ್ ಹತ್ತಿರ, ಕುದುರೆಯ ಮೇಲೆ ಪಹರೆಗೆ ಹೋಗಿದ್ದಾಗ ಶೆಲ್ ಚೂರು ಬಡಿದು ಸತ್ತ. 36 ವರ್ಷ.

ಅವನ ‘ಪ್ರಾಣಿಗಳ ವಿಧಿ’ ಅನ್ನೋ ದೊಡ್ಡ ಚಿತ್ರ ಬಾಸೆಲ್‌ನ ಕಲಾ ಮ್ಯೂಸಿಯಂನಲ್ಲಿದೆ. 1913ರದ್ದು. ಕಾಡು ಸೀಳಿಹೋಗುತ್ತಿದೆ, ನಡುವೆ ನೀಲಿ ಜಿಂಕೆಯೊಂದು ಕತ್ತು ಮೇಲಕ್ಕೆತ್ತಿದೆ. ಮಾರ್ಕ್ ಸತ್ತ ವರ್ಷವೇ ಚಿತ್ರ ಇಟ್ಟಿದ್ದ ಗೋದಾಮಿಗೆ ಬೆಂಕಿ ಬಿದ್ದು ಅದರ ಬಲಗಡೆಯ ಮೂರನೇ ಒಂದು ಭಾಗ ಹಾಳಾಯಿತು. ಗೆಳೆಯ ಪೌಲ್ ಕ್ಲೇ ಹಳೆಯ ಫೋಟೋಗಳ ಸಹಾಯದಿಂದ ಅದನ್ನು ಸರಿಪಡಿಸಿದ. ಗೆರೆ, ಆಕಾರ ಎಲ್ಲ ಮರಳಿ ಬಂದವು. ಬಣ್ಣ ಮಾತ್ರ ಹಾಗೆ ಬರಲಿಲ್ಲ. ಆ ಭಾಗ ಇವತ್ತಿಗೂ ಮಂಕು ಕಂದು.

ಕ್ಲೇ ಬಣ್ಣದ ವಿಷಯದಲ್ಲಿ ಕಚ್ಚಾ ಆಸಾಮಿಯಲ್ಲ. ಮನಸ್ಸು ಮಾಡಿದ್ದರೆ ಮಾರ್ಕ್‌ನ ನೀಲಿ, ಕೆಂಪು, ಹಸಿರು ತಂದು ಹೊಲಿಗೆ ಕಾಣದ ಹಾಗೆ ಬಳಿಯಬಹುದಿತ್ತು. ಬಳಿಯಲಿಲ್ಲ. ನಾನು ಇದನ್ನು ಓದಿಕೊಳ್ಳುವುದು ಹೀಗೆ: ಗೆಳೆಯನ ಕಣ್ಣಿಗೆ ಏನು ಕಂಡಿತ್ತೋ ಅದು ಗೆಳೆಯನ ಜೊತೆ ಹೋಯಿತು, ಅದು ತನಗೂ ಕಂಡಿತ್ತು ಅಂತ ನಟಿಸುವುದು ಬೇಡ. ಆ ಕಂದು ಭಾಗ ಚಿತ್ರದ ಗಾಯ ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಗೌರವ ಇರುವ ಜಾಗ ಅದೇ. ಮಾರ್ಕ್ ತನ್ನ ನೀಲಿ ಕುದುರೆಗಳಿಗೆ ಕೊಡದ ಗೌರವವನ್ನು ಕ್ಲೇ ಮಾರ್ಕ್‌ಗೆ ಕೊಟ್ಟ.

ಈಗ ಮತ್ತೆ ಆ ಮಗ್ಗಿನ ಮೇಲಿನ ನೀಲಿ ಕುದುರೆ ಕಂಡರೆ ನನಗೆ ಬೇಜಾರೇನೂ ಇಲ್ಲ, ಚಂದವೇ ಇದೆ. ಅದು ಮಾರ್ಕ್‌ನ ಬಣ್ಣ ಅಂತ ನೋಡಿದರೆ ಸಾಕು. ಕುದುರೆಯ ವಿಷಯ ತಿಳೀಬೇಕು ಅಂದರೆ ಎಸ್ಸೆನ್‌ನ ಆ ಚಿತ್ರ ಹುಡುಕಿ. ಅದರ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಅದು ತಿರುಗಿ ನೋಡಲ್ಲ, ಪರವಾಗಿಲ್ಲ.